ಪದದ ಹುಟ್ಟು: ಕಥೆ ಮತ್ತು ದಾಖಲೆ – ಕೆಲವು ಇಂಗ್ಲಿಷ್ ಶಬ್ದಗಳ ಚರಿತ್ರೆ

ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಹಡಗಿನಲ್ಲಿ ಬರುತ್ತಿದ್ದ ಸಿರಿವಂತ ಪ್ರಯಾಣಿಕರು ಬಿಸಿಲಿನ ಝಳವನ್ನು ತಪ್ಪಿಸಿಕೊಳ್ಳುವುದಕ್ಕೆ ಒಂದು ಉಪಾಯ ಮಾಡುತ್ತಿದ್ದರಂತೆ. ಬರುವಾಗ ಹಡಗಿನ ಎಡಬದಿಯ ಕೋಣೆ, ಮರಳುವಾಗ ಬಲಬದಿಯ ಕೋಣೆ. ಹೆಚ್ಚಿನ ಹಣ ತೆತ್ತು ಪಡೆದ ಇಂತಹ ಟಿಕೆಟುಗಳ ಮೇಲೆ ಪಿ ಅಂಡ್ ಓ ಕಂಪೆನಿಯವರು 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' ಎಂಬುದರ ಮೊದಲಕ್ಷರಗಳನ್ನು ಮುದ್ರೆಯೊತ್ತುತ್ತಿದ್ದರಂತೆ. ಆ ನಾಲ್ಕು ಅಕ್ಷರಗಳೇ ಕೂಡಿ 'ಪಾಶ್' ಎಂಬ ಪದವಾಯಿತು, ಠೀವಿಯುಳ್ಳದ್ದು, ಶ್ರೀಮಂತಿಕೆಯದು ಎಂಬ ಅರ್ಥ ಬಂದಿತು ಎಂದು ಕಥೆ ಹೇಳುತ್ತದೆ. ಕಥೆ ಸೊಗಸಾಗಿದೆ. ಇದರಲ್ಲಿ ಸಮುದ್ರವಿದೆ, ಸಾಮ್ರಾಜ್ಯವಿದೆ, ಬಿಸಿಲಿಗೆ ಬೆದರುವ ದೊರೆಗಳ ಚಿತ್ರವಿದೆ. ಇಲ್ಲದಿರುವುದು ಟಿಕೆಟು ಮಾತ್ರ. ಅಂತಹ ಮುದ್ರೆಯುಳ್ಳ ಒಂದೇ ಒಂದು ಚೀಟಿಯನ್ನೂ ಇದುವರೆಗೆ ಯಾರೂ ತೋರಿಸಿಲ್ಲ.

ಕಾಲಕ್ರಮವೂ ಈ ಕಥೆಗೆ ಅನುಕೂಲವಾಗಿಲ್ಲ. 'ಪಾಶ್' ಎಂಬ ವಿಶೇಷಣವು ಮೊದಲ ಮಹಾಯುದ್ಧದ ಸುಮಾರಿಗೆ ಅಚ್ಚಿನಲ್ಲಿ ಕಾಣಿಸಿಕೊಂಡರೆ, ಹಡಗಿನ ಕಥೆ ಅಚ್ಚಾದದ್ದು 1930ರ ದಶಕದಲ್ಲಿ. ಅದಕ್ಕೂ ಮುಂಚೆ, 19ನೆಯ ಶತಮಾನದಲ್ಲಿ, ಲಂಡನ್ನಿನ ಕಳ್ಳಕಾಕರ ಗ್ರಾಮ್ಯದಲ್ಲಿ 'ಪಾಶ್' ಎಂದರೆ ಚಿಲ್ಲರೆ ಕಾಸು, ಹಣ ಎಂಬ ಅರ್ಥವಿತ್ತು. ಆ ಶತಮಾನದ ಕೊನೆಯ ವೇಳೆಗೆ ಶೋಕಿಗಾರ ಎಂಬ ಅರ್ಥವೂ ಕೂಡಿಕೊಂಡಿತ್ತು. ರೋಮಾನಿ ಜನರ ಭಾಷೆಯಲ್ಲಿ ಅರ್ಧ ಎಂಬುದಕ್ಕೆ ಇರುವ ಪದವೇ ಅರೆಕಾಸಿನ ಮೂಲಕ ಇದಾಗಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಆದರೆ ರೋಮಾನಿ ಭಾಷೆ ಭಾರತದಿಂದ ಹೊರಟ ಇಂಡೋ-ಆರ್ಯನ್ ಭಾಷೆ ಎಂಬುದು ಸಿದ್ಧಾಂತ. ಗೆಳೆಯನನ್ನು ಇಂಗ್ಲಿಷರು ಸಲಿಗೆಯಿಂದ 'ಪ್ಯಾಲ್' ಎಂದು ಕರೆಯುತ್ತಾರಷ್ಟೆ. ಅದು ರೋಮಾನಿಯಲ್ಲಿ ಸಹೋದರ ಎಂಬರ್ಥದ ಪದ, ಸಂಸ್ಕೃತದ 'ಭ್ರಾತೃ' ಶಬ್ದದ ದೂರದ ಮೊಮ್ಮಗ. ಇದು 17ನೆಯ ಶತಮಾನದಿಂದಲೂ ದಾಖಲಾಗಿದೆ. ಐಷಾರಾಮಿ ಹಡಗಿನ ಪ್ರಯಾಣಿಕರು ಭಾರತದಿಂದ ಪದ ತಂದರೆಂಬುದು ಕಟ್ಟುಕಥೆ. ಊರಿಂದೂರಿಗೆ ಅಟ್ಟಿಸಿಕೊಂಡು ಅಲೆದ ಜನ ಭಾರತದ ಪದವೊಂದನ್ನು ಇಂಗ್ಲೆಂಡಿನ ಬೀದಿಗೆ ಒಯ್ದರೆಂಬುದು ಚರಿತ್ರೆ.

ಮೊದಲಕ್ಷರಗಳನ್ನು ಕೂಡಿಸಿ ಪದ ಕಟ್ಟುವ ಪದ್ಧತಿ ಬಹುಮಟ್ಟಿಗೆ 20ನೆಯ ಶತಮಾನದ್ದು. ಹಳೆಯ ಪದವೊಂದಕ್ಕೆ ಇಂತಹ ವ್ಯುತ್ಪತ್ತಿಯನ್ನು ಯಾರಾದರೂ ಹೇಳಿದರೆ ಅನುಮಾನಿಸುವುದೇ ಕ್ಷೇಮ. 'ನ್ಯೂಸ್' ಎಂಬುದು ನಾಲ್ಕು ದಿಕ್ಕುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದಾಯಿತು ಎನ್ನುವ ಮಾತು ನಮ್ಮ ಪತ್ರಿಕೋದ್ಯಮದ ತರಗತಿಗಳಲ್ಲಿಯೂ ಕೇಳಿಬರುತ್ತದೆ. ಅದು ಹೊಸದು ಎಂಬ ವಿಶೇಷಣದ ಬಹುವಚನ, ಅಷ್ಟೆ. 'ಸ್ಯಾಲರಿ'ಯ ಕಥೆಯನ್ನು ಮಾತ್ರ ಪೂರ್ತಿ ತಳ್ಳಿಹಾಕುವಂತಿಲ್ಲ. ಲ್ಯಾಟಿನ್ನಿನ 'ಸಲಾರಿಯುಂ' ಉಪ್ಪು ಎಂಬರ್ಥದ 'ಸಾಲ್' ಶಬ್ದದಿಂದ ಬಂದುದು ನಿಜ, ಮೊದಲನೆಯ ಶತಮಾನದ ಪ್ಲಿನಿ ಈ ಸಂಬಂಧವನ್ನು ಸೂಚಿಸಿದ್ದಾನೆ. ಆದರೆ ರೋಮಿನ ಸೈನಿಕರಿಗೆ ಸಂಬಳವನ್ನು ಉಪ್ಪಿನ ರೂಪದಲ್ಲಿ ಅಳೆದು ಕೊಡುತ್ತಿದ್ದರೆಂದು ಪ್ರಾಚೀನ ಗ್ರಂಥಗಳು ಹೇಳುವುದಿಲ್ಲ. ಅದು ನಂತರದವರು ಸೇರಿಸಿದ ಉಪ್ಪುಖಾರ.

ಇಂತಹ ಕಥೆಗಳನ್ನು ತೂಗಿನೋಡುವ ತಕ್ಕಡಿಯೊಂದು ಸಿದ್ಧವಾದದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ. 1857ರಲ್ಲಿ ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯವರು ಆಗಿನ ನಿಘಂಟುಗಳ ಕೊರತೆಯನ್ನು ಮನಗಂಡು ಆರಂಭಿಸಿದ ಪ್ರಯತ್ನವೇ ಮುಂದೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಾಯಿತು. ಜೇಮ್ಸ್ ಮರ್ರೆ 1879ರಲ್ಲಿ ಸಂಪಾದಕತ್ವವನ್ನು ವಹಿಸಿಕೊಂಡನು. ಮೊದಲ ಸಂಚಿಕೆ 1884ರಲ್ಲಿ ಹೊರಬಂದಿತು. ಕಾರ್ಯ ಮುಗಿದದ್ದು 1928ರಲ್ಲಿ, ಮರ್ರೆ ತೀರಿಕೊಂಡು 13 ವರ್ಷಗಳಾದ ಮೇಲೆ. ನೂರಾರು ಸ್ವಯಂಸೇವಕ ಓದುಗರು ಹಳೆಯ ಪುಸ್ತಕಗಳನ್ನು ಓದಿ, ಪದ ಎಲ್ಲಿ ಯಾವ ವರ್ಷ ಯಾವ ವಾಕ್ಯದಲ್ಲಿ ಬಂದಿದೆ ಎಂದು ಚೀಟಿಗಳಲ್ಲಿ ಬರೆದು ಕಳುಹಿಸಿದರು. ಪದದ ಅರ್ಥವನ್ನು ಹೇಳುವುದಕ್ಕಿಂತ ಅದರ ಜನ್ಮದ ಅತಿ ಹಳೆಯ ಸಾಕ್ಷಿಯನ್ನು ಹುಡುಕುವುದೇ ಈ ಕ್ರಮದ ಜೀವಾಳ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಉದ್ಧರಿಸುತ್ತ ಇದೇ ಐತಿಹಾಸಿಕ ಮಾರ್ಗವನ್ನು ಹಿಡಿದಿದೆ. ಸಂಶೋಧನೆಯ ವಿದ್ಯಾರ್ಥಿಗೆ ಇದು ಶುಷ್ಕ ಕೆಲಸವೆಂದು ತೋರಬಹುದು. ಆದರೆ ತಾರೀಖು ಒಮ್ಮೊಮ್ಮೆ ಎಷ್ಟು ತೂಕದ ಸಾಕ್ಷಿಯಾಗುತ್ತದೆ ಎಂಬುದಕ್ಕೆ 'ರೂಲ್ ಆಫ್ ಥಂಬ್' ಎಂಬ ನುಡಿಗಟ್ಟಿನ ಪ್ರಕರಣವನ್ನು ನೋಡಬೇಕು.

ಕರಾರುವಾಕ್ಕಾದ ಅಳತೆಯಿಲ್ಲದೆ ಅನುಭವದ ಬಲದಿಂದ ಅನುಸರಿಸುವ ಸ್ಥೂಲ ನಿಯಮಕ್ಕೆ ಇಂಗ್ಲಿಷಿನಲ್ಲಿ ಹೆಬ್ಬೆರಳಿನ ನಿಯಮ ಎನ್ನುತ್ತಾರೆ. ಹೆಂಡತಿಯನ್ನು ಗಂಡನು ಹೆಬ್ಬೆರಳಿಗಿಂತ ದಪ್ಪವಲ್ಲದ ಕೋಲಿನಿಂದ ಹೊಡೆಯಬಹುದೆಂದು ಇಂಗ್ಲೆಂಡಿನ ಹಳೆಯ ಕಾನೂನು ಅನುಮತಿ ನೀಡಿತ್ತು, ಈ ಮಾತು ಅಲ್ಲಿಂದಲೇ ಬಂದಿತು ಎಂಬ ವಿವರಣೆ 1970ರ ದಶಕದ ನಂತರ ಅಮೆರಿಕದಲ್ಲಿ ಬಲವಾಗಿ ಹಬ್ಬಿತು. 1982ರಲ್ಲಿ ಅಲ್ಲಿನ ನಾಗರಿಕ ಹಕ್ಕುಗಳ ಆಯೋಗವು ಹೊಡೆತ ತಿನ್ನುವ ಪತ್ನಿಯರ ಸ್ಥಿತಿಯನ್ನು ಕುರಿತು ಪ್ರಕಟಿಸಿದ ವರದಿಯ ಶೀರ್ಷಿಕೆಯಲ್ಲೇ ಈ ನುಡಿಗಟ್ಟು ಸೇರಿತು. ಅನೇಕರು ಇದನ್ನು ಬಳಸಬಾರದ ಮಾತೆಂದು ಬಗೆದರು.

ಅತಿ ಹಳೆಯ ಪ್ರಯೋಗಗಳನ್ನು ನೋಡಿದರೆ ಚಿತ್ರ ಬೇರೆಯಾಗುತ್ತದೆ. 17ನೆಯ ಶತಮಾನದ ಸ್ಕಾಟ್ಲೆಂಡಿನ ಧರ್ಮೋಪದೇಶಕನೊಬ್ಬನ ಪ್ರವಚನಗಳಲ್ಲಿ, ಅಳತೆಯಿಲ್ಲದೆ ಅಂದಾಜಿನಿಂದ ಮನೆ ಕಟ್ಟುವ ಅವಿವೇಕಿಗಳ ಪ್ರಸಂಗದಲ್ಲಿ, ಈ ಮಾತು ಬರುತ್ತದೆ. 1692ರ ಕತ್ತಿವರಸೆಯ ಗ್ರಂಥವೊಂದರಲ್ಲಿಯೂ ಶಾಸ್ತ್ರವರಿಯದೆ ರೂಢಿಯಿಂದ ಮಾಡುವ ಕೆಲಸ ಎಂಬರ್ಥದಲ್ಲೇ ಇದೆ. ಕೋಲೂ ಇಲ್ಲ, ಹೆಂಡತಿಯೂ ಇಲ್ಲ. ಹೆಬ್ಬೆರಳು ಇಲ್ಲಿ ಬಡಗಿಯ ಅಳತೆಗೋಲು. ಅಂಗುಲ, ಗೇಣು, ಮೊಳ, ಮಾರು ಎಂದು ದೇಹದಿಂದಲೇ ಲೋಕವನ್ನು ಅಳೆದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಚ್ ಭಾಷೆಯಲ್ಲಂತೂ ಹೆಬ್ಬೆರಳಿಗೂ ಇಂಚಿಗೂ ಇಂದಿಗೂ ಒಂದೇ ಪದ.

ಹಾಗಾದರೆ ಕೋಲು ಎಲ್ಲಿಂದ ಬಂದಿತು? 1782ರಲ್ಲಿ ಫ್ರಾನ್ಸಿಸ್ ಬುಲ್ಲರ್ ಎಂಬ ಇಂಗ್ಲಿಷ್ ನ್ಯಾಯಾಧೀಶನು ಹೆಬ್ಬೆರಳಿನ ದಪ್ಪದ ಕೋಲಿನಿಂದ ಹೆಂಡತಿಯನ್ನು ದಂಡಿಸಬಹುದು ಎಂದನೆಂಬ ಸುದ್ದಿ ಹರಡಿತು. ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ ಅವನನ್ನು ಹೆಬ್ಬೆರಳಿನ ನ್ಯಾಯಾಧೀಶನೆಂದು ಕರೆದು, ಕೋಲಿನ ಕಟ್ಟುಗಳನ್ನು ಹೊತ್ತು ಮಾರುವವನಂತೆ ಬರೆದು ಹಂಗಿಸಿದನು. ಬುಲ್ಲರನು ಹಾಗೆ ತೀರ್ಪಿತ್ತ ದಾಖಲೆ ಸಿಕ್ಕಿಲ್ಲ. ಆದರೂ ಆ ಮಾತು ಕಾನೂನಿನವರ ನಡುವೆ ಬದುಕಿ ಉಳಿಯಿತು. 1868ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ನ್ಯಾಯಾಲಯವೊಂದು ಇಂತಹುದೇ ಅಳತೆಯನ್ನು ಆಧರಿಸಿ ಗಂಡನೊಬ್ಬನನ್ನು ಶಿಕ್ಷೆಯಿಲ್ಲದೆ ಬಿಟ್ಟಿತು. 1874ರಲ್ಲಿ ಅದೇ ರಾಜ್ಯದ ಉಚ್ಚ ನ್ಯಾಯಪೀಠವು ಹೆಬ್ಬೆರಳಿನ ದಪ್ಪದ ಕೋಲಿನ ಹಳೆಯ ಸಿದ್ಧಾಂತ ತಮ್ಮಲ್ಲಿ ಕಾನೂನಲ್ಲವೆಂದು ಸಾರಿತು. ಹೆನ್ರಿ ಆನ್ಸ್‌ಗರ್ ಕೆಲ್ಲಿ 1994ರಲ್ಲಿ ಈ ಸಾಮಗ್ರಿಯನ್ನೆಲ್ಲ ಒಟ್ಟುಗೂಡಿಸಿ ನುಡಿಗಟ್ಟನ್ನೂ ಕೋಲನ್ನೂ ಬೇರ್ಪಡಿಸಿ ತೋರಿಸಿದರು.

ಇಲ್ಲಿ ಎಚ್ಚರದಿಂದ ನಡೆಯಬೇಕು. ವ್ಯುತ್ಪತ್ತಿ ಸುಳ್ಳಾದ ಮಾತ್ರಕ್ಕೆ ಹಿಂಸೆ ಸುಳ್ಳಾಗುವುದಿಲ್ಲ. ಹೆಂಡತಿಯನ್ನು ಮಿತವಾಗಿ ದಂಡಿಸುವ ಅಧಿಕಾರ ಗಂಡನಿಗಿದೆಯೆಂಬ ಭಾವನೆ ಕಾನೂನಿನಲ್ಲಿ ಬಹುಕಾಲ ಇದ್ದೇ ಇತ್ತು, ಮೇಲಿನ ತೀರ್ಪುಗಳೇ ಅದಕ್ಕೆ ಸಾಕ್ಷಿ. ಆ ಅನ್ಯಾಯವನ್ನು ಎತ್ತಿ ಹೇಳಹೊರಟವರು ಗಟ್ಟಿ ಸಾಕ್ಷಿಗಳನ್ನು ಬಿಟ್ಟು ಪೊಳ್ಳು ಸಾಕ್ಷಿಯನ್ನು ಕಟಕಟೆಗೆ ತಂದರು. ಅದು ಬಿದ್ದಾಗ ಎದುರಾಳಿಗಳು ಇಡೀ ವಾದವೇ ಬಿದ್ದಿತೆಂದು ನಕ್ಕರು. ತಪ್ಪು ವ್ಯುತ್ಪತ್ತಿ ನಿರಪಾಯಕಾರಿ ವಿನೋದವೆಂದು ತಿಳಿಯುವವರು ಈ ಉದಾಹರಣೆಯನ್ನು ನೆನಪಿಡಬೇಕು.

ದಾಖಲೆಯೇ ಕಥೆಗಿಂತ ರೋಚಕವಾಗಿರುವ ಪದಗಳೂ ಇವೆ. 'ಬಾಯ್ಕಾಟ್' ಅಂತಹುದು. ಸಾಮಾನ್ಯವಾಗಿ ಪದದ ಹುಟ್ಟಿನ ಶತಮಾನ ತಿಳಿದರೇ ಹೆಚ್ಚು. ಇದರ ಹುಟ್ಟಿನ ಊರು, ಋತು, ಜಗಳ ಎಲ್ಲವೂ ತಿಳಿದಿವೆ. ಐರ್ಲೆಂಡಿನ ಪಶ್ಚಿಮದ ಮೇಯೋ ಪ್ರಾಂತದಲ್ಲಿ ಮಾಸ್ಕ್ ಸರೋವರದ ದಡದ ಜಮೀನುಗಳು ಲಾರ್ಡ್ ಅರ್ನ್ ಎಂಬ ಜಹಗೀರುದಾರನವು. ಕ್ಯಾಪ್ಟನ್ ಚಾರ್ಲ್ಸ್ ಕನ್ನಿಂಗ್‌ಹ್ಯಾಮ್ ಬಾಯ್ಕಾಟ್ ಅವನ ಪಾರುಪತ್ಯಗಾರ. 1879ರಲ್ಲಿ ಬೆಳೆ ಕೆಟ್ಟಿತ್ತು. ಅದೇ ವರ್ಷ ಮೈಕಲ್ ಡೇವಿಟ್ ಮತ್ತು ಅವನ ಸಂಗಡಿಗರು ಒಕ್ಕಲುಗಳ ಪರವಾಗಿ ಲ್ಯಾಂಡ್ ಲೀಗ್ ಎಂಬ ಸಂಘವನ್ನು ಕಟ್ಟಿದ್ದರು. 1880ರಲ್ಲಿ ಒಕ್ಕಲುಗಳು ಗೇಣಿಯಲ್ಲಿ ನೂರಕ್ಕೆ 25 ಭಾಗ ಇಳಿಸಬೇಕೆಂದು ಕೇಳಿದರು, ಒಡೆಯ 10 ಭಾಗಕ್ಕೆ ಒಪ್ಪಿದನು. ಸೆಪ್ಟೆಂಬರ್ 19ರಂದು ಎನ್ನಿಸ್ ಎಂಬಲ್ಲಿ ಐರಿಷ್ ನಾಯಕ ಪಾರ್ನೆಲ್ ಭಾಷಣ ಮಾಡಿ, ಹೊರದೂಡಿದವನ ಹೊಲವನ್ನು ಹಿಡಿಯುವವನನ್ನು ಕೊಲ್ಲುವುದು ಬೇಡ, ಬೀದಿಯಲ್ಲಿ, ಅಂಗಡಿಯಲ್ಲಿ, ದೇವಾಲಯದಲ್ಲಿ ಅವನನ್ನು ಮಾತನಾಡಿಸದೆ ಬಿಡಿ ಎಂದು ಸಲಹೆ ಮಾಡಿದನು. ಕೆಲವೇ ದಿನಗಳಲ್ಲಿ ಬಾಯ್ಕಾಟನು ಒಕ್ಕಲೆಬ್ಬಿಸುವ ನೋಟೀಸುಗಳನ್ನು ಹೊರಡಿಸಿದನು. ಪಾರ್ನೆಲ್ಲನ ಸಲಹೆ ಅವನ ಮೇಲೆಯೇ ಪ್ರಯೋಗವಾಯಿತು. ಹೊಲದ ಆಳುಗಳು, ಲಾಯದವರು, ಮನೆಗೆಲಸದವರು ಬಿಟ್ಟುಹೋದರು. ಕಮ್ಮಾರ ಲಾಳ ಹೊಡೆಯಲಿಲ್ಲ. ಮಡಿ ಮಾಡುವವಳು ಬಟ್ಟೆ ಮುಟ್ಟಲಿಲ್ಲ. ಅಂಗಡಿಯವರು ಸಾಮಾನು ಕೊಡಲಿಲ್ಲ.

ಬೆಳೆ ಹೊಲದಲ್ಲೇ ಕೊಳೆಯುವ ಸ್ಥಿತಿ ಬಂದಾಗ ಬಾಯ್ಕಾಟನು ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗೆ ತನ್ನ ಸಂಕಟವನ್ನು ಬರೆದನು. ನವೆಂಬರಿನಲ್ಲಿ ಕ್ಯಾವನ್ ಮತ್ತು ಮೊನಗನ್ ಪ್ರಾಂತಗಳಿಂದ 50 ಮಂದಿ ಸ್ವಯಂಸೇವಕರು ಕೊಯ್ಲಿಗೆಂದು ಬಂದರು. ಅವರ ಕಾವಲಿಗೆ ಸುಮಾರು ಸಾವಿರ ಮಂದಿ ಸೈನಿಕರು ಮತ್ತು ಪೊಲೀಸರು! ಆಲೂಗೆಡ್ಡೆ, ಟರ್ನಿಪ್ ಗೆಡ್ಡೆಗಳನ್ನು ಕಿತ್ತು ಮುಗಿಸುವುದಕ್ಕೆ ಸುಮಾರು 10,000 ಪೌಂಡ್ ವೆಚ್ಚವಾಯಿತೆಂದು ಲೆಕ್ಕ ಹಾಕಲಾಯಿತು. ಬೆಳೆಯ ಬೆಲೆ ಅದರ ಹತ್ತರಲ್ಲೊಂದು ಪಾಲೂ ಆಗಿರಲಿಲ್ಲ. ಡಿಸೆಂಬರ್ ಮೊದಲ ದಿನ ಬಾಯ್ಕಾಟನು ಐರ್ಲೆಂಡನ್ನು ಬಿಟ್ಟನು. ಅವನ ಹೆಸರು ಮಾತ್ರ ಅಲ್ಲಿಂದ ಜಗತ್ತನ್ನೆಲ್ಲ ತಿರುಗಿತು.

ಈ ಹೆಸರನ್ನು ಕ್ರಿಯಾಪದ ಮಾಡಿದವನು ಆ ಊರಿನ ಪಾದ್ರಿ ಜಾನ್ ಓಮ್ಯಾಲಿ ಎಂದು ಅಲ್ಲಿದ್ದ ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಬರೆದಿದ್ದಾನೆ. 'ಆಸ್ಟ್ರಸೈಸ್' ಎಂಬ ಪದ ಸಿದ್ಧವಾಗಿಯೇ ಇತ್ತು. ಅದು ಪ್ರಾಚೀನ ಅಥೆನ್ಸಿನ ಪೌರರು ಮಡಕೆಯ ಚೂರುಗಳ ಮೇಲೆ ಹೆಸರು ಗೀಚಿ ಮತ ಹಾಕಿ ಒಬ್ಬನನ್ನು 10 ವರ್ಷ ಗಡಿಪಾರು ಮಾಡುತ್ತಿದ್ದ ಪದ್ಧತಿಯಿಂದ ಬಂದ ಪದ. ಆದರೆ ಅದು ರೈತರ ಬಾಯಿಗೆ ಹೊರಳುವುದಿಲ್ಲವೆಂದು ಪಾದ್ರಿಗೆ ತೋರಿತಂತೆ. ಗ್ರೀಕ್ ಪದ ಪಂಡಿತರಿಗೆ ಉಳಿಯಿತು. ಒಕ್ಕಲಿಗೆ ತನ್ನ ಜಗಳದ ಹೆಸರೇ ಸಾಕಾಯಿತು. ಆ ವರ್ಷವೇ ಪತ್ರಿಕೆಗಳು ಅದನ್ನು ಬಳಸಿದವು, ಫ್ರೆಂಚರೂ ಜರ್ಮನರೂ ತಮ್ಮದಾಗಿಸಿಕೊಂಡರು. 1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್ ಹಾಲಿನಲ್ಲಿ ವಿದೇಶಿ ವಸ್ತುಗಳ ವಿರುದ್ಧ ನಿರ್ಣಯವಾದಾಗ ಮೇಯೋ ಪ್ರಾಂತದ ಈ ಪದ ಸ್ವದೇಶಿ ಚಳವಳಿಯ ಆಯುಧವಾಗಿತ್ತು. ಕನ್ನಡದಲ್ಲಿ ಅದಕ್ಕೆ ಬಹಿಷ್ಕಾರ ಎಂಬ ಪದ ನಿಂತಿತು. ಕುಲದ ಕಟ್ಟೆಗಳು ದುರ್ಬಲನಾದ ಒಬ್ಬನನ್ನು ಹೊರಗಿಡುವ ಕ್ರಿಯೆಗೆ ಸಲ್ಲುತ್ತಿದ್ದ ಈ ಪದ, ದುರ್ಬಲರೆಲ್ಲ ಕೂಡಿ ಬಲಿಷ್ಠನನ್ನು ಹೊರಗಿಡುವ ಕ್ರಿಯೆಗೂ ಸಂದಿತು. ಪದ ಒಂದೇ, ಅಧಿಕಾರದ ದಿಕ್ಕು ತಿರುಗುಮುರುಗು. ಕನ್ನಡದ ಅರ್ಥಪರಿವರ್ತನೆಗಳ ಅಧ್ಯಯನದಲ್ಲಿ ಈ ಪ್ರಸಂಗಕ್ಕೆ ಇನ್ನೂ ತಕ್ಕ ಸ್ಥಾನ ದೊರೆಯಬೇಕಾಗಿದೆ.

ಕಚೇರಿಗಳಲ್ಲಿ ದಿನಕ್ಕೆ ಹತ್ತು ಬಾರಿ ಉಚ್ಚರಿಸುವ 'ಡೆಡ್‌ಲೈನ್' ಎಂಬುದರ ಹಿಂದಿನ ದಾಖಲೆ ಓದುವುದಕ್ಕೂ ಕಷ್ಟವಾದುದು. ಅಮೆರಿಕದ ಅಂತರ್ಯುದ್ಧದಲ್ಲಿ, 1864ರಲ್ಲಿ, ಜಾರ್ಜಿಯಾದ ಆಂಡರ್‌ಸನ್‌ವಿಲ್ ಎಂಬಲ್ಲಿ ದಕ್ಷಿಣದವರು ಸೆರೆಶಿಬಿರವೊಂದನ್ನು ತೆರೆದರು. ಎತ್ತರದ ಮರದ ಗೋಡೆಯ ಒಳಮಗ್ಗುಲಲ್ಲಿ, ಅದಕ್ಕೆ ಸುಮಾರು 19 ಅಡಿ ದೂರದಲ್ಲಿ, ಗೂಟಗಳ ಮೇಲೆ ಅಡ್ಡಪಟ್ಟಿ ಹೊಡೆದು ಗೆರೆಯೊಂದನ್ನು ಮಾಡಿದ್ದರು. ಅದನ್ನು ದಾಟಿದವನಿಗೆ ಕಾವಲುಗಾರ ಗುಂಡು ಹಾರಿಸುತ್ತಿದ್ದನು. ಅದೇ ಸಾವಿನ ಗೆರೆ. ಸುಮಾರು 45,000 ಸೆರೆಯಾಳುಗಳಲ್ಲಿ 13,000ದಷ್ಟು ಮಂದಿ ಅಲ್ಲಿ ಸತ್ತರು. ಗುಂಡಿಗಿಂತ ಹಸಿವು ಮತ್ತು ರೋಗಗಳಿಂದ ಸತ್ತವರೇ ಬಹುಪಾಲು. ಶಿಬಿರದ ಅಧಿಕಾರಿ ಹೆನ್ರಿ ವಿರ್ಜ್‌ನನ್ನು 1865ರ ನವೆಂಬರ್ 10ರಂದು ಗಲ್ಲಿಗೇರಿಸಿದರು. ಅವನ ವಿಚಾರಣೆಯ ಕಡತಗಳಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ. ಮುಂದೆ ಮುದ್ರಣಾಲಯದವರು ಯಂತ್ರದ ಮೇಲೆ ಅಚ್ಚು ಮೂಡದ ಎಲ್ಲೆಗೆ ಇದೇ ಹೆಸರಿಟ್ಟರು. 1920ರ ವೇಳೆಗೆ ಪತ್ರಿಕಾಲಯಗಳಲ್ಲಿ ಅದು ಸುದ್ದಿ ಒಪ್ಪಿಸಬೇಕಾದ ಕೊನೆಯ ಗಳಿಗೆಯಾಯಿತು.

ವ್ಯಕ್ತಿ, ಸ್ಥಳ, ಘಟನೆ ಯಾವುದೂ ಇಲ್ಲದೆ, ಬರಿಯ ಕಿವಿಯ ಪ್ರಮಾದದಿಂದ ಹುಟ್ಟಿದ ಪದಗಳು ಇನ್ನೊಂದು ಬಗೆ. ಹಳೆಯ ಇಂಗ್ಲಿಷಿನಲ್ಲಿ 'ಈಕ್' ಎಂದರೆ ಜೊತೆಗೆ, ಇನ್ನೂ ಎಂದರ್ಥ. ಇಟ್ಟ ಹೆಸರಿನ ಜೊತೆಗೆ ಇನ್ನೊಂದು ಹೆಸರು 'ಈಕ್‌ನೇಮ್'. ಅದರ ಹಿಂದೆ 'ಆನ್' ಎಂಬ ಉಪಪದ ಬಂದಾಗ ನಕಾರ ಮುಂದಿನ ಪದಕ್ಕೆ ಅಂಟಿ 'ನಿಕ್‌ನೇಮ್' ಆಯಿತು. ಇದಕ್ಕೆ ವಿರುದ್ಧವಾಗಿ 'ನೇಪ್ರನ್' ತನ್ನ ನಕಾರವನ್ನು ಉಪಪದಕ್ಕೆ ಬಿಟ್ಟುಕೊಟ್ಟು 'ಏಪ್ರನ್' ಆಯಿತು. ಅದರ ನೆಂಟನಾದ 'ನ್ಯಾಪ್‌ಕಿನ್' ನಕಾರವನ್ನು ಉಳಿಸಿಕೊಂಡಿದೆ. ಆಟದ ಮೈದಾನದ 'ಅಂಪೈರ್' ಕೂಡ ಮೊದಲು 'ನೌಂಪರ್', ಇಬ್ಬರಲ್ಲಿ ಯಾರಿಗೂ ಸಮಜೋಡಿಯಲ್ಲದ ಮೂರನೆಯವನು. ಸಂಧಿಯನ್ನು ತಪ್ಪಾಗಿ ಬಿಡಿಸಿದ ಈ ಪದಗಳನ್ನು ಯಾವ ವೈಯಾಕರಣನೂ ತಡೆಯಲಾಗಲಿಲ್ಲ. ಓದುಬರಹವಿಲ್ಲದವರ ಕಿವಿಯೇ ಇಲ್ಲಿ ಸೂತ್ರಕಾರ.

'ಆರೆಂಜ್' ಪದಕ್ಕೂ ಇದೇ ಗತಿ ಒದಗಿದುದುಂಟು, ಆದರೆ ಇಂಗ್ಲೆಂಡಿಗೆ ತಲಪುವ ಮೊದಲೇ. ಸಂಸ್ಕೃತದ 'ನಾರಂಗ' ಪಾರಸಿ ಮತ್ತು ಅರಬ್ಬಿಗಳ ಮೂಲಕ ಯುರೋಪಿಗೆ ಹೋಯಿತು. ಸ್ಪೇನಿನವರ 'ನರಾಂಹ'ದಲ್ಲಿ ನಕಾರ ಇನ್ನೂ ಇದೆ. ಇಟಲಿ ಮತ್ತು ಫ್ರಾನ್ಸ್‌ಗಳಲ್ಲಿ ಅದು ಉಪಪದದೊಂದಿಗೆ ಬೆರೆತು ಕಳೆದುಹೋಯಿತು. ಫ್ರೆಂಚರು ಆ ಖಾಲಿ ಜಾಗದಲ್ಲಿ ಚಿನ್ನ ಎಂಬರ್ಥದ 'ಓರ್' ಅನ್ನು ಕಂಡರು, ಹಣ್ಣಿನ ಬಣ್ಣ ಅದಕ್ಕೆ ಒತ್ತಾಸೆಯಾಯಿತು. 'ನಾರಂಗ' ಸಂಸ್ಕೃತಕ್ಕೆ ದ್ರಾವಿಡದಿಂದ ಬಂದಿರಬೇಕೆಂದು ವಿದ್ವಾಂಸರಲ್ಲಿ ಅನೇಕರು ಭಾವಿಸುತ್ತಾರೆ. ವಾಸನೆ ಬೀರು ಎಂಬರ್ಥದ 'ನಾಱು' ಧಾತುವಿನೊಡನೆ ಅದರ ಸಂಬಂಧವನ್ನು ಸೂಚಿಸುವವರೂ ಇದ್ದಾರೆ. ಈ ಧಾತು ಕನ್ನಡದಲ್ಲಿ ಕೆಳಕ್ಕೆ ಇಳಿದಿದೆ. ಇಂದು ನಾರುವುದು ಕೆಟ್ಟ ವಾಸನೆ ಮಾತ್ರ, ನಾತವೂ ಹಾಗೆಯೇ. ಇಂಗ್ಲಿಷಿನ 'ಸ್ಟಿಂಕ್' ಸಹ ಒಂದು ಕಾಲಕ್ಕೆ ಹೂವಿನ ಪರಿಮಳಕ್ಕೂ ಸಲ್ಲುತ್ತಿತ್ತು, ಅದೂ ಇಳಿಯಿತು.

ಕನ್ನಡದ ಕಡೆಗೆ ಮೂಲವನ್ನು ಎಳೆಯುವಾಗಲೂ ತಕ್ಕಡಿ ಅದೇ ಆಗಿರಬೇಕು. 'ಕ್ಯಾಶ್' ಎಂಬ ಇಂಗ್ಲಿಷ್ ಪದ ನಮ್ಮ 'ಕಾಸು'ವಿನಿಂದ ಹುಟ್ಟಿತೆಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಇದು ಅರ್ಧಸತ್ಯ, ಆ ಕಾರಣಕ್ಕೇ ಹೆಚ್ಚು ಅಪಾಯಕರ. ಯೂಲ್ ಮತ್ತು ಬರ್ನೆಲ್ ಸಿದ್ಧಪಡಿಸಿ 1886ರಲ್ಲಿ ಹೊರಬಂದ ಆಂಗ್ಲೋ-ಇಂಡಿಯನ್ ಪದಕೋಶವು ಈ ಗಂಟನ್ನು ಬಿಡಿಸುತ್ತದೆ. ಆ ಕೋಶದ 'ಹಾಬ್ಸನ್-ಜಾಬ್ಸನ್' ಎಂಬ ಹೆಸರೇ ಒಂದು ಕಿವಿಯ ಪ್ರಮಾದ: ಮೊಹರಮ್ಮಿನ 'ಯಾ ಹಸನ್, ಯಾ ಹುಸೇನ್' ಎಂಬ ಕೂಗು ಬ್ರಿಟಿಷ್ ಸಿಪಾಯಿಗಳಿಗೆ ತಮ್ಮೂರಿನ ಇಬ್ಬರ ಹೆಸರಿನಂತೆ ಕೇಳಿಸಿತು. ಬರ್ನೆಲ್ ಕನ್ನಡ ನಾಡಿಗೆ ಅಪರಿಚಿತನಲ್ಲ. ದಕ್ಷಿಣ ಭಾರತದ ಲಿಪಿಶಾಸ್ತ್ರವನ್ನು ಕುರಿತ ಅವನ ಗ್ರಂಥ 1874ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲೇ ಅಚ್ಚಾಯಿತು.

ಇಂಗ್ಲಿಷಿನಲ್ಲಿ 'ಕ್ಯಾಶ್' ಎಂದು ಎರಡು ಪದಗಳಿವೆ. ಒಂದು, ನಗದು ಹಣ ಎಂಬರ್ಥದ್ದು. ಅದು ಪೆಟ್ಟಿಗೆ ಎಂಬರ್ಥದ ಲ್ಯಾಟಿನ್ 'ಕಾಪ್ಸ'ದಿಂದ ಇಟಾಲಿಯನ್ 'ಕಾಸ್ಸ', ಫ್ರೆಂಚ್ 'ಕೆಸ್' ಎಂದಾಗಿ 16ನೆಯ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂದುದು, ಎಂದರೆ ಮೂಲತಃ ಗಲ್ಲಾಪೆಟ್ಟಿಗೆ. ಇನ್ನೊಂದು, ಪೂರ್ವದೇಶಗಳ ಸಣ್ಣ ನಾಣ್ಯದ ಹೆಸರು. ಇದು ದಕ್ಷಿಣ ಭಾರತದ 'ಕಾಸು'. ಪೋರ್ಚುಗೀಸರು ಅದನ್ನು ತಮ್ಮ ಪೆಟ್ಟಿಗೆಯ ಪದವಾದ 'ಕೈಶ'ದಂತೆ ಬರೆದರು, ಇಂಗ್ಲಿಷರು ಅದನ್ನು ತಮ್ಮ 'ಕ್ಯಾಶ್'ಗೆ ಹೊಂದಿಸಿದರು. ಮದರಾಸಿನ ಹಳೆಯ ಲೆಕ್ಕದಲ್ಲಿ 80 ಕ್ಯಾಶ್ ಕೂಡಿದರೆ ಒಂದು 'ಫನಂ', 42 ಫನಂಗೆ ಒಂದು ವರಾಹ. ಆ ಫನಂ ಬೇರೇನೂ ಅಲ್ಲ, ಪಕಾರ ಹಕಾರವಾಗಿ ಕನ್ನಡದಲ್ಲಿ ಉಳಿದಿರುವ 'ಹಣ'ವೇ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳಲ್ಲಿ ಕನ್ನಡದಲ್ಲಿ ಮಯಿಲಿ ಕಾಸು 20 ಎಂದೂ ಇಂಗ್ಲಿಷ್ ಲಿಪಿಯಲ್ಲಿ 20 ಕ್ಯಾಶ್ ಎಂದೂ ಅಚ್ಚೊತ್ತಿದೆ. ಆ ನಾಣ್ಯದ ಮೇಲಿನ 'ಕ್ಯಾಶ್' ನಮ್ಮದು. ಅದನ್ನು ಎಣಿಸಿ ಒಳಗಿಡುವ ಕ್ಯಾಶಿಯರನ ಹೆಸರಿನಲ್ಲಿರುವುದು ಮಾತ್ರ ಇಟಲಿಯ ಪೆಟ್ಟಿಗೆ.